ತಲೆಸುತ್ತಿಗೆ ಕುತ್ತಿಗೆ ಹೊಣೆಯೇ?

ಅಟ್ಟದ ಮೇಲಿನ ಡಬ್ಬಿಗೆಂದು ಕತ್ತೆತ್ತಿದರೆ ಮನೆಯೇ ಗಿರ್ರನೆ ತಿರುಗುತ್ತದೆ. ಮಲಗಿ ಮಗ್ಗುಲು ಬದಲಿಸಿದರೂ ಅಷ್ಟೇ. ನಮ್ಮಲ್ಲಿ ಇದಕ್ಕೆ ಥಟ್ಟನೆ ಸಿಗುವ ಉತ್ತರ ‘ಕುತ್ತಿಗೆ ಸವೆದಿದೆ’. ನಡುವಯಸ್ಸು ದಾಟಿದ ಬಹುತೇಕರ ಎಕ್ಸ್‌ರೇಯಲ್ಲಿ ಒಂದಿಷ್ಟು ಸವೆತ ಕಂಡೇ ಕಾಣುವುದರಿಂದ ಈ ಉತ್ತರ ಸುಳ್ಳಾಗುವ ಭಯವೂ ಇಲ್ಲ.

ಕಿವಿಯ ತೊಂದರೆಯನ್ನು ಬೆನ್ನುಮೂಳೆಯ ಲೆಕ್ಕಕ್ಕೆ ಬರೆಯುವ ಅಭ್ಯಾಸ ಹಳೆಯದು. 1895ರಲ್ಲಿ ಅಮೆರಿಕದ ಡೆವನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಎಂಬಾತ ಹಾರ್ವಿ ಲಿಲ್ಲರ್ಡ್ ಎಂಬ ಕೆಲಸಗಾರನ ಬೆನ್ನುಮೂಳೆಯನ್ನು ಒತ್ತಿ, ಅವನ ಕಿವುಡು ಕಳೆದೆನೆಂದು ಸಾರಿದ. ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಚಿಕಿತ್ಸೆ ನೀಡುವ ಕೈರೋಪ್ರ್ಯಾಕ್ಟಿಕ್ ಪದ್ಧತಿ ಹುಟ್ಟಿದ್ದೇ ಹೀಗೆ. ಕಿವಿಯ ನರವಾದರೋ ಬೆನ್ನುಮೂಳೆಯ ಕಡೆ ಇಳಿಯುವುದೇ ಇಲ್ಲ. ತಲೆಬುರುಡೆಯೊಳಗೇ ಮೆದುಳನ್ನು ಸೇರುತ್ತದೆ. ಮೂಳೆಯನ್ನು ನೇರಕ್ಕೆ ತಂದರೆ ತಲೆಸುತ್ತು ಮಾಯ ಎಂಬ ಜಾಹೀರಾತು ಮಾತ್ರ ಇಂದಿಗೂ ನಿಂತಿಲ್ಲ.

ಪಾಮರ್‌ಗಿಂತ 34 ವರ್ಷ ಮೊದಲೇ, 1861ರಲ್ಲಿ, ಪ್ಯಾರಿಸ್‌ನ ಪ್ರಾಸ್ಪರ್ ಮೆನಿಯೇರ್ ತಲೆಸುತ್ತಿನ ಮೂಲ ಒಳಕಿವಿಯಲ್ಲೂ ಇರಬಹುದೆಂದು ತೋರಿಸಿದ್ದರು. ಅಲ್ಲಿಯವರೆಗೆ ಅದು ಮೆದುಳಿಗೆ ರಕ್ತವೇರಿದ ಕಾಯಿಲೆ ಎನಿಸಿಕೊಂಡಿತ್ತು. 1921ರಲ್ಲಿ ರಾಬರ್ಟ್ ಬಾರಾನಿ, ತಲೆ ಒಂದು ನಿರ್ದಿಷ್ಟ ಭಂಗಿಗೆ ಬಂದಾಗಲಷ್ಟೇ ಸುತ್ತು ಬರುತ್ತಿದ್ದ ಯುವತಿಯೊಬ್ಬಳ ಪ್ರಕರಣವನ್ನು ವಿವರಿಸಿದರು.

1952ರಲ್ಲಿ ಲಂಡನ್ನಿನ ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ ಇದಕ್ಕೊಂದು ಪರೀಕ್ಷೆಯನ್ನು ರೂಪಿಸಿದರು. ರೋಗಿಯನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು 45 ಡಿಗ್ರಿ ಪಕ್ಕಕ್ಕೆ ತಿರುಗಿಸಿ, ತಲೆ ಮಂಚದ ಅಂಚಿನಿಂದ ತುಸು ಕೆಳಗಿಳಿಯುವಂತೆ ಸರ್ರನೆ ಮಲಗಿಸುತ್ತಾರೆ. ವೈದ್ಯರು ನೋಡುವುದು ಕುತ್ತಿಗೆಯನ್ನಲ್ಲ, ಕಣ್ಣನ್ನು. ಕೆಲವು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಕಣ್ಣುಗುಡ್ಡೆಗಳು ತಿರುಚಿಕೊಂಡು ಜಿಗಿಯತೊಡಗುತ್ತವೆ, ಒಂದು ನಿಮಿಷದೊಳಗೆ ತಣ್ಣಗಾಗುತ್ತವೆ. ಯಾವ ಸ್ಕ್ಯಾನೂ ಬೇಡ.

ಕಾರಣ, ಒಳಕಿವಿಯ ಸುಣ್ಣದ ಹರಳುಗಳು. ಅವು ತಮ್ಮ ಜಾಗದಿಂದ ಕಳಚಿ ಅರ್ಧವೃತ್ತಾಕಾರದ ನಾಳಕ್ಕೆ ಜಾರಿದರೆ, ತಲೆ ವಾಲಿದಾಗಲೆಲ್ಲ ಅಲ್ಲಿನ ದ್ರವವನ್ನು ಕಲಕಿ ಇಲ್ಲದ ತಿರುಗಾಟವನ್ನು ಮೆದುಳಿಗೆ ವರದಿ ಮಾಡುತ್ತವೆ. ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಜಾನ್ ಎಪ್ಲಿ, ತಲೆಯನ್ನು ಹಂತಹಂತವಾಗಿ ಹೊರಳಿಸಿ ಹರಳುಗಳನ್ನು ಬಂದ ದಾರಿಯಲ್ಲೇ ಕಳಿಸುವ ಕ್ರಮವನ್ನು 1980ರಲ್ಲಿ ತೋರಿಸಿದಾಗ ಸಹೋದ್ಯೋಗಿಗಳು ನಂಬಲಿಲ್ಲ. ಅವರ ಪ್ರಬಂಧ ಅಚ್ಚಾದದ್ದು 1992ರಲ್ಲಿ.

ಹಾಗೆಂದು ಕುತ್ತಿಗೆಗೂ ಸಮತೋಲನಕ್ಕೂ ಸಂಬಂಧವೇ ಇಲ್ಲವೆನ್ನಲಾಗದು. ಕತ್ತಿನ ಸ್ನಾಯುಗಳಿಂದಲೂ ಮೆದುಳಿಗೆ ಸುದ್ದಿ ಹೋಗುತ್ತಿರುತ್ತದೆ. ‘ಕುತ್ತಿಗೆಯ ತಲೆಸುತ್ತು’ ಎಂಬ ಹೆಸರು 1955ರಿಂದ ಚಾಲ್ತಿಯಲ್ಲಿದ್ದರೂ ಅದನ್ನು ಖಚಿತಪಡಿಸುವ ಪರೀಕ್ಷೆ ಇಲ್ಲ. ಉಳಿದ ಕಾರಣಗಳನ್ನೆಲ್ಲ ತಳ್ಳಿಹಾಕಿದ ಮೇಲಷ್ಟೇ ಆ ಮಾತು. ಗೊಂದಲ ಹುಟ್ಟುವುದೂ ಸಹಜವೇ: ಕತ್ತೆತ್ತಿದಾಗ ಕಿವಿಯೂ ವಾಲುತ್ತದಲ್ಲ! ಸುತ್ತಿನ ಜೊತೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ ಈ ಚರ್ಚೆಯೇ ಬೇಡ, ನೇರ ಆಸ್ಪತ್ರೆಗೆ ಹೋಗಬೇಕು.

ಹರಳು ಜಾರಿದ್ದು, ಕುತ್ತಿಗೆಯೂ ನಿಜಕ್ಕೂ ಬಿಗಿದಿರುವವರಿಗೆ ಫ್ರಾನ್ಸಿನ ಸೆಮೊಂಟ್ ರೂಪಿಸಿದ ಕ್ರಮವಿದೆ. ಅದರಲ್ಲಿ ಕತ್ತನ್ನು ಹಿಂದಕ್ಕೆ ಬಗ್ಗಿಸುವುದಿಲ್ಲ. ಇಡೀ ದೇಹವನ್ನೇ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಬೇಗನೆ ಹೊರಳಿಸುತ್ತಾರೆ.