ಆಲಮಟ್ಟಿ ಸುತ್ತಿ ಬಂದವನ ಗಡಿಯಾರ

ನಮ್ಮಣ್ಣನ ಮಕ್ಕಳು ಅವಳಿ-ಜವಳಿ. ವಿಜಯಪುರದ ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗಿದ್ದಾಗ ಅವರಿಗೆ ಐನ್‌ಸ್ಟೈನರ ಅವಳಿಗಳ ಕಥೆ ಹೇಳಿದೆ. ಒಬ್ಬ ಊರಲ್ಲೇ ಉಳಿದ. ಇನ್ನೊಬ್ಬ ಬೆಳಕಿನ ವೇಗದ ಶೇಕಡಾ 80ರಷ್ಟು ವೇಗದಲ್ಲಿ 4 ಜ್ಯೋತಿರ್ವರ್ಷ (ಬೆಳಕು 4 ವರ್ಷದಲ್ಲಿ ಸಾಗುವಷ್ಟು) ದೂರ ಹೋಗಿ, ಅದೇ ವೇಗದಲ್ಲಿ ಮರಳಿದ. ಊರಲ್ಲಿದ್ದವನಿಗೆ 10 ವರ್ಷ ಕಳೆದಿತ್ತು, ಬಂದವನಿಗೆ 6. ಗಡಿಯಾರ ಕೆಟ್ಟಿರಲಿಲ್ಲ, ಅವನ ಗಡ್ಡ ಬೆಳೆದದ್ದೂ 6 ವರ್ಷದಷ್ಟೇ.

ಸಣ್ಣಾಂವ ಎದ್ದು ಕೂತ. "ಕಾಕಾ, ರಾಕೆಟ್‌ನ್ಯಾಗ ಕುಂತಾಂವಗ ಭೂಮಿನ ಓಡಿದಂಗ ಕಾಣತೈತಿ. ಹಂಗಾದ್ರ ಊರಾಗಿದ್ದಾಂವನ ಸಣ್ಣಾಂವ ಆಗಬೇಕಲ್ಲಾ?"

ಇಡೀ ವಿರೋಧಾಭಾಸ ಇರುವುದು ಈ ಪ್ರಶ್ನೆಯಲ್ಲೇ. ನೇರವಾಗಿ, ಒಂದೇ ವೇಗದಲ್ಲಿ ಸಾಗುತ್ತಿರುವಷ್ಟು ಹೊತ್ತು ಅವನು ಹೇಳಿದ್ದು ಸರಿ: ಇಬ್ಬರ ಲೆಕ್ಕದಲ್ಲೂ ಎದುರಿನವನ ಗಡಿಯಾರವೇ ನಿಧಾನ. ಆದರೆ ಇಬ್ಬರಲ್ಲಿ ಹೊರಳಿದವನು ಒಬ್ಬನೇ.

ಇಲ್ಲಿಂದ ಬಾಗಲಕೋಟೆಗೆ ಎರಡು ಬೈಕು ಹೊರಟವು ಅಂದುಕೊಳ್ಳಿ. ಒಂದು ಕೊಲ್ಹಾರದ ಸೇತುವೆ ದಾಟಿ ಹೋಯಿತು, ಇನ್ನೊಂದು ಬಸವನ ಬಾಗೇವಾಡಿ, ಆಲಮಟ್ಟಿ ಸುತ್ತಿ ಬಂತು. ಎರಡರ ಮೀಟರಿನಲ್ಲಿ ಕಿಲೋಮೀಟರು ಬೇರೆ ಬೇರೆ. ಯಾವ ಮೀಟರೂ ಸುಳ್ಳಲ್ಲ, ಹಿಡಿದ ದಾರಿ ಬೇರೆ. ಗಡಿಯಾರವೂ ಅಂಥದೇ ಮೀಟರು. ದೇಶ-ಕಾಲ, ಅಂದರೆ ದೂರ ಮತ್ತು ಸಮಯ, ಎರಡೂ ಸೇರಿದ ದಾರಿಯನ್ನು ಅಳೆಯುತ್ತದೆ. ಸುತ್ತಿ ಬಂದವನ ಅಳತೆ ಇಲ್ಲಿ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಲಂಬಕೋನ ತ್ರಿಭುಜದಲ್ಲಿ ವರ್ಗಗಳನ್ನು ಕೂಡಿಸುತ್ತೇವೆ. ಇಲ್ಲಿ ಕಾಲದ ವರ್ಗದಿಂದ ದೂರದ ವರ್ಗವನ್ನು ಕಳೆಯಬೇಕು. ಹೋಗುವಾಗ ಊರಿನ ಲೆಕ್ಕದಲ್ಲಿ 5 ವರ್ಷ, 4 ಜ್ಯೋತಿರ್ವರ್ಷ. 25ರಲ್ಲಿ 16 ಹೋದರೆ 9, ಅದರ ವರ್ಗಮೂಲ 3. ಬರುವಾಗ ಮತ್ತೆ 3. ಇಷ್ಟು ದೊಡ್ಡ ಸಂಗತಿ ಹೈಸ್ಕೂಲಿನ ಲೆಕ್ಕದಲ್ಲಿ ಹಿಡಿಸುತ್ತದಲ್ಲ ಎಂದು ನನಗೆ ಪ್ರತಿ ಸಲವೂ ರೋಮಾಂಚನ.

"ಖರೇ ಯಾರರ ನೋಡ್ಯಾರೇನು?" ದೊಡ್ಡಾಂವ ಕೇಳಿದ.

ಅಂಗೈ ಚಾಚು ಅಂದೆ. ಬಾಹ್ಯಾಕಾಶದ ಕಿರಣಗಳು ಗಾಳಿಗೆ ಬಡಿದಾಗ ಸುಮಾರು 15 ಕಿಲೋಮೀಟರ್ ಮೇಲೆ ಮ್ಯೂಯಾನ್ ಎಂಬ ಕಣಗಳು ಹುಟ್ಟುತ್ತವೆ. ಅವುಗಳ ಸರಾಸರಿ ಆಯುಷ್ಯ 2.2 ಮೈಕ್ರೋಸೆಕೆಂಡು. ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟರಲ್ಲಿ ಸಾಗುವುದು 660 ಮೀಟರು. ಆ ಲೆಕ್ಕದಲ್ಲಿ ನೆಲ ಮುಟ್ಟುವುದು ಇಲ್ಲವೆನ್ನುವಷ್ಟು ಅಪರೂಪವಾಗಬೇಕಿತ್ತು. ಆದರೆ ಅವುಗಳ ವೇಗಕ್ಕೆ ನಮ್ಮ ಲೆಕ್ಕದಲ್ಲಿ ಅವುಗಳ ಗಡಿಯಾರ ನಿಧಾನವಾಗಿ, ಆಯುಷ್ಯ ಹಿಗ್ಗಿ, ಇಲ್ಲಿತನಕ ಇಳಿದು ಬರುತ್ತವೆ. ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ನಮ್ಮ ಅಂಗೈ ತೂರಿ ಹೋಗುತ್ತದೆ.

ಇಬ್ಬರೂ ಕೈ ಚಾಚಿಕೊಂಡೇ ಮಲಗಿದರು, ಸಣ್ಣ ದನಿಯಲ್ಲಿ ಎಣಿಸುತ್ತ.