ಹಸುವಿನ ಯಕೃತ್ತಿನಲ್ಲಿ ಹುಟ್ಟುವ ಕನ್ನಡಿ ರೂಪಗಳು

ಔಷಧದಲ್ಲಿ ಕನ್ನಡಿ ರೂಪಗಳೆರಡಿದ್ದರೆ (ಒಂದೇ ಅಣುವಿನ, ಪರಸ್ಪರ ಪ್ರತಿಬಿಂಬದಂತಿರುವ ಎರಡು ಆಕಾರ) ಒಂದು ಕೆಲಸದ್ದು, ಇನ್ನೊಂದು ದಂಡ, ಕಾರ್ಖಾನೆಯಲ್ಲೇ ಬೇರ್ಪಡಿಸಿದರಾಯಿತು ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಜಂತುಹುಳುವಿನ ಔಷಧವಾದ ಲೆವಮಿಸೋಲ್ ಮಟ್ಟಿಗೆ ಇದು ನಿಜ. 1966ರ ಟೆಟ್ರಮಿಸೋಲ್‌ನಲ್ಲಿ ಎರಡೂ ರೂಪಗಳು ಸಮಪಾಲಿನಲ್ಲಿದ್ದವು, ಹುಳುವಿನ ಸ್ನಾಯುಗಳನ್ನು ಸೆಟೆಸುತ್ತಿದ್ದದ್ದು ಬೆಳಕನ್ನು ಎಡಕ್ಕೆ ತಿರುಗಿಸುವ ಮೈನಸ್ ರೂಪ ಮಾತ್ರ. ಅದೊಂದನ್ನೇ ಲೆವಮಿಸೋಲ್ ಎಂದು ಕೊಡತೊಡಗಿದಾಗ ಕಿಲೋ ತೂಕಕ್ಕೆ 15 ಮಿಲಿಗ್ರಾಂ ಇದ್ದ ಪ್ರಮಾಣ 7.5ಕ್ಕೆ ಇಳಿಯಿತು.

ಅದೇ ಲೆಕ್ಕವನ್ನು ಇನ್ನೊಂದು ಜಂತುನಾಶಕ ಅಲ್ಬೆಂಡಜೋಲ್‌ಗೂ ಹಚ್ಚುವುದು ತಪ್ಪು. ಬಾಟಲಿಯಲ್ಲಿರುವ ಅಲ್ಬೆಂಡಜೋಲ್ ಅಣುವಿಗೆ ಎಡ-ಬಲದ ಭೇದವೇ ಇಲ್ಲ.

ಭೇದ ಹುಟ್ಟುವುದು ಯಕೃತ್ತಿನಲ್ಲಿ, ಒಂದು ಗಂಧಕ ಪರಮಾಣುವಿನ ಮೇಲೆ. ಅದರ ಒಂದು ಪಕ್ಕ ಬೆನ್ಜಿಮಿಡಜೋಲ್ ಉಂಗುರ, ಇನ್ನೊಂದು ಪಕ್ಕ ಪ್ರೊಪೈಲ್ ಸರಪಳಿ, ಉಳಿದದ್ದು ಎರಡು ಜೊತೆ ಬಿಡಿ ಎಲೆಕ್ಟ್ರಾನ್‌ಗಳು. ಕಿಣ್ವ ಬಂದು ಒಂದು ಜೊತೆಯ ಮೇಲೆ ಆಮ್ಲಜನಕ ಕೂರಿಸುತ್ತದೆ. ಈಗ ಗಂಧಕದ ಸುತ್ತ ನಾಲ್ಕೂ ಬೇರೆ ಬೇರೆ. ಆಮ್ಲಜನಕ ಯಾವ ಜೊತೆಯ ಮೇಲೆ ಕೂತಿತು ಎಂಬುದರ ಮೇಲೆ ಎಡಗೈ-ಬಲಗೈ ಗವಸಿನಂತೆ ಎರಡು ಸಲ್ಫಾಕ್ಸೈಡ್‌ಗಳು (ಗಂಧಕಕ್ಕೆ ಒಂದು ಆಮ್ಲಜನಕ ಸೇರಿದ ಅಣು). ಫ್ಲೇವಿನ್ ಮಾನೋಆಕ್ಸಿಜನೇಸ್ ಕಿಣ್ವ ಹೆಚ್ಚಾಗಿ ಪ್ಲಸ್ ರೂಪವನ್ನೇ ಕಟ್ಟುತ್ತದೆ, ಸೈಟೋಕ್ರೋಮ್ ಪಿ450 ಎಂಬ ಇನ್ನೊಂದು ಕಿಣ್ವ ಮೈನಸ್ಸಿನತ್ತ ವಾಲುತ್ತದೆ. ಮುಂದೆ ಎರಡನೇ ಆಮ್ಲಜನಕವೂ ಸೇರಿತೋ, ಅದು ಸಲ್ಫೋನ್: ಸಮಮಿತಿ ಮರಳಿತು, ಹುಳು ಕೊಲ್ಲುವ ಗುಣ ಹೋಯಿತು. ಈ ಹಾದಿಯಲ್ಲಿ ಮೈನಸ್ ರೂಪ ಬೇಗ ಕರಗುತ್ತದೆ. ಹೀಗಾಗಿ ದನದ ರಕ್ತದಲ್ಲಿರುವ ಸಲ್ಫಾಕ್ಸೈಡ್‌ನಲ್ಲಿ ಶೇ 90ರ ಆಸುಪಾಸು ಪ್ಲಸ್ ರೂಪವೇ. ಇಲಿಯಲ್ಲಿ ತಕ್ಕಡಿ ಮೈನಸ್ ಕಡೆ ವಾಲುತ್ತದೆ. ಇಲಿಯ ಅಂಕಿಯನ್ನು ಹಸುವಿಗೆ ಎತ್ತಿ ಹಾಕುವವರು ಇದನ್ನು ಗಮನಿಸಬೇಕು.

ಪ್ಲಸ್, ಮೈನಸ್ ಎಂಬುದು ಧ್ರುವೀಕೃತ ಬೆಳಕನ್ನು ಯಾವ ಕಡೆಗೆ ತಿರುಗಿಸುತ್ತದೆ ಎಂಬುದರ ಗುರುತು. 1848ರಲ್ಲಿ ಲೂಯಿ ಪಾಶ್ಚರ್ ಟಾರ್ಟರಿಕ್ ಆಮ್ಲದ ಲವಣದ ಹರಳುಗಳನ್ನು ಕೈಯಿಂದಲೇ ಹೆಕ್ಕಿ ಎರಡು ರಾಶಿ ಮಾಡಿ ಇದನ್ನು ತೋರಿಸಿದ. ಅವನದು ಇಂಗಾಲದ ಕಥೆ, ನಮ್ಮದು ಗಂಧಕದ್ದು. ಕುತೂಹಲವೆಂದರೆ, ಸಲ್ಫಾಕ್ಸೈಡನ್ನೇ ಸಮಪಾಲಿನ ಮಿಶ್ರಣವಾಗಿ ಚರ್ಮದಡಿ ಚುಚ್ಚಿದರೂ ಸ್ವಲ್ಪ ಹೊತ್ತಿನಲ್ಲೇ ರಕ್ತದಲ್ಲಿ ಪ್ಲಸ್ ಮೇಲುಗೈ ಪಡೆಯುತ್ತದೆ. ಮಿಶ್ರಣದ ಅಣುಗಳನ್ನು ಬೇರ್ಪಡಿಸಿ ಅಳೆಯುವ ಸಾಮಾನ್ಯ ಕ್ರೊಮ್ಯಾಟೋಗ್ರಫಿ ಕಾಲಮ್‌ನಲ್ಲಿ ಎರಡೂ ಒಂದೇ ಶಿಖರವಾಗಿ ಬರುವುದರಿಂದ ಇದು ಕಾಣುವುದೇ ಇಲ್ಲ. ಎಡ-ಬಲ ಗುರುತಿಸುವ ಕೈರಲ್ ಕಾಲಮ್ಮೇ ಬೇಕು.

ಹಸುವಿನ ಮೊದಲ ಹೊಟ್ಟೆಯಾದ ರೂಮೆನ್ನಿನ ಸೂಕ್ಷ್ಮಾಣುಗಳು ಸಲ್ಫಾಕ್ಸೈಡನ್ನು ಮತ್ತೆ ಅಲ್ಬೆಂಡಜೋಲ್ ಆಗಿ ತಿರುಗಿಸುತ್ತವೆ. ಹುಳುವಿನ ಟ್ಯೂಬ್ಯುಲಿನ್ ಎಂಬ ಪ್ರೋಟೀನಿಗೆ ಹೆಚ್ಚು ಬಿಗಿಯಾಗಿ ಅಂಟುವುದು ಅದೇ. ಆದ್ದರಿಂದ ಔಷಧ ರೂಮೆನ್‌ಗೆ ಬಿದ್ದು ನಿಧಾನವಾಗಿ ಇಳಿಯಬೇಕು. ಅನ್ನನಾಳದ ತೋಡು ಮುಚ್ಚಿಕೊಂಡು ಔಷಧ ರೂಮೆನ್ ತಪ್ಪಿಸಿ ನೇರ ಮುಂದಕ್ಕೆ ಜಾರಿದರೆ ಅದು ದೇಹದಲ್ಲಿ ಉಳಿಯುವ ಅವಧಿಯೇ ಮೊಟಕಾಗುತ್ತದೆ. ಪುಡಿ ತಳಕ್ಕಿಳಿದಿರುತ್ತದೆ, ಬಾಟಲಿ ಚೆನ್ನಾಗಿ ಕುಲುಕಿ. ನಾಲಿಗೆಯ ಬುಡಕ್ಕೆ ನಿಧಾನವಾಗಿ ಬಿಡಿ, ತಲೆ ಅತಿ ಮೇಲೆತ್ತಿದರೆ ಶ್ವಾಸನಾಳಕ್ಕೆ ಹೋದೀತು. ಕಿಲೋಗೆ 7.5 ಮಿಲಿಗ್ರಾಂ ಎಂದರೆ 300 ಕಿಲೋ ಹಸುವಿಗೆ ಶೇ 10ರ ಔಷಧ 22.5 ಮಿಲಿಲೀಟರ್. ಬಲಿತ ಯಕೃತ್ ಚಪ್ಪಟೆಹುಳುವಿಗಾದರೆ 10 ಮಿಲಿಗ್ರಾಂ, ಅಂದರೆ 30 ಮಿಲಿಲೀಟರ್. ಗಬ್ಬದ ಮೊದಲ 45 ದಿನ ಕೊಡಲೇಬಾರದು, ಭ್ರೂಣಕ್ಕೆ ಅಪಾಯ.