ಹೆಸರು ಬದಲಾಗುತ್ತದೆ, ಸಂಖ್ಯೆ ಬದಲಾಗಲ್ಲ: ಸ್ಟಾಕ್‌ಹೋಮ್ ಹಡಗಿನ ಬಗ್ಗೆ ಒಂದಿಷ್ಟು ಟಿಪ್ಪಣಿ

ಹಳೇ ಪ್ರಯಾಣಿಕ ಹಡಗುಗಳ ಬಗ್ಗೆ ಓದುವವರಿಗೆ ಮೊದಲ ತಲೆನೋವು ಹೆಸರುಗಳದ್ದು. ಒಂದು ಕಡೆ ಸ್ಟಾಕ್‌ಹೋಮ್ ಅಂತ ಇರುತ್ತದೆ, ಇನ್ನೊಂದು ಕಡೆ ಅಥೇನಾ, ಮತ್ತೊಂದು ಕಡೆ ಅಸ್ಟೋರಿಯಾ. ಮೂರೂ ಒಂದೇ ಹಡಗು ಅಂತ ಗೊತ್ತಾಗುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಅದಕ್ಕೇ ಇದನ್ನೆಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಬದುಕಿನ ಕಥೆ, ಚುಟುಕಾಗಿ

ಹಡಗು ಕಟ್ಟಿದ್ದು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ. 1948ರಲ್ಲಿ ಸ್ವೀಡಿಷ್ ಅಮೆರಿಕನ್ ಲೈನ್ ಪರವಾಗಿ ನ್ಯೂಯಾರ್ಕ್ ದಾರಿಯಲ್ಲಿ ಓಡಾಟ ಶುರು. ಉದ್ದ ಸುಮಾರು 160 ಮೀಟರ್, ಡೀಸೆಲ್ ಎಂಜಿನ್. 1956ರ ಜುಲೈ 25ರ ರಾತ್ರಿ ಅಮೆರಿಕದ ನಾನ್‌ಟಕೆಟ್ ದ್ವೀಪದ ಹತ್ತಿರ ಇಟಲಿಯ ಆಂಡ್ರಿಯಾ ಡೋರಿಯಾ ಹಡಗಿನ ಬಲ ಪಕ್ಕಕ್ಕೆ ಇದರ ಮೂತಿ ನುಗ್ಗಿತು. ಎರಡೂ ಹಡಗು ಸೇರಿ 51 ಜನ ಸತ್ತರು. ಡೋರಿಯಾ ಮರುದಿನ ಬೆಳಿಗ್ಗೆ ಮುಳುಗಿತು. ಮೂತಿ ಜಜ್ಜಿಹೋಗಿದ್ದರೂ ಸ್ಟಾಕ್‌ಹೋಮ್ ತೇಲಿತು, ಬದುಕಿದವರನ್ನು ಹತ್ತಿಸಿಕೊಂಡು ನ್ಯೂಯಾರ್ಕಿಗೂ ಬಂತು. ಬ್ರೂಕ್ಲಿನ್‌ನಲ್ಲಿ ಹೊಸ ಮೂತಿ ಕೂರಿಸಿದರು.

ಎಲ್ಲರೂ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನಿಜ ಹೇಳಬೇಕಂದ್ರೆ ಅದರ ದುಡಿಮೆಯ ಬಹುಪಾಲು ಆಮೇಲಿನದ್ದೇ. 1960ರಲ್ಲಿ ಪೂರ್ವ ಜರ್ಮನಿ ಕೊಂಡು ಫೋಲ್ಕರ್‌ಫ್ರಾಯ್ಂಡ್‌ಶಾಫ್ಟ್ (ಉಚ್ಚಾರ ಫ, ಬರೆಯುವುದು ಇಂಗ್ಲಿಷಿನ ವಿ ಅಕ್ಷರದಿಂದ) ಅಂತ ಹೆಸರಿಟ್ಟಿತು, ಕಾರ್ಮಿಕ ಸಂಘದ ರಜಾ ಪ್ರವಾಸಕ್ಕೆ ಬಳಸಿತು. 1962ರ ಅಕ್ಟೋಬರ್‌ನಲ್ಲಿ, ಕ್ಯೂಬಾ ಸುತ್ತ ಅಮೆರಿಕದ ನೌಕಾ ತಡೆ ಇದ್ದಾಗಲೇ, ಪ್ರಯಾಣಿಕರ ಹಡಗು ಅನ್ನೋ ಕಾರಣಕ್ಕೆ ಇದನ್ನು ತಡೆಯದೆ ಬಿಟ್ಟರು. 80ರ ದಶಕದಲ್ಲಿ ಕೈ ಬದಲಾಗಿ, ಓಸ್ಲೋದಲ್ಲಿ ಆಶ್ರಯ ಕೇಳಿ ಬಂದವರ ವಸತಿಯಾಯಿತು. ಆಗಿನ ಹೆಸರು ಫ್ರಿಟ್ಯೋಫ್ ನಾನ್ಸೆನ್. 1989ರಲ್ಲಿ ಇಟಲಿಯವರು ಕೊಂಡು ಜಿನೋವಾಗೆ ಎಳೆದುಕೊಂಡು ಹೋದರು. ಜಿನೋವಾ ಅಂದರೆ ಡೋರಿಯಾದ ತವರು ಬಂದರು! ಅಲ್ಲಿನ ಪತ್ರಿಕೆಗಳು ‘ಸಾವಿನ ಹಡಗು’ ಬಂತು ಅಂತ ಬರೆದದ್ದರಲ್ಲಿ ಆಶ್ಚರ್ಯವಿಲ್ಲ ಬಿಡಿ.

ಹಡಗಿನ ಒಡಲು ಮಾತ್ರ ಉಳಿಸಿಕೊಂಡು, ಎಂಜಿನ್ ಸಮೇತ ಉಳಿದದ್ದನ್ನೆಲ್ಲ ಹೊಸದಾಗಿ ಕಟ್ಟಿದರು. 1994ರಲ್ಲಿ ಇಟಾಲಿಯಾ ಪ್ರೀಮಾ ಆಗಿ ಹೊರಬಂತು. ಮುಂದೆ ವಾಲ್ಟೂರ್ ಪ್ರೀಮಾ, ಕರೀಬೆ, ಅಥೇನಾ, ಅಝೋರೆಸ್, ಕೊನೆಗೆ ಅಸ್ಟೋರಿಯಾ. ಅಥೇನಾ ಆಗಿದ್ದಾಗ, 2008ರಲ್ಲಿ, ಏಡನ್ ಕೊಲ್ಲಿಯಲ್ಲಿ ಕಡಲ್ಗಳ್ಳರು ಸುತ್ತುವರಿದರು. ಸಿಬ್ಬಂದಿ ಪೈಪಿನಿಂದ ಜೋರಾಗಿ ನೀರು ಹಾರಿಸಿ ಅವರನ್ನು ಹತ್ತಿರ ಸೇರಿಸಲಿಲ್ಲ.

ಸಂಖ್ಯೆ ಹಿಡಿದುಕೊಳ್ಳಿ

ಇದು ನನ್ನ ಅಚ್ಚುಮೆಚ್ಚಿನ ಕೀಲಿ. ಹೆಸರು, ಮಾಲೀಕ, ಬಾವುಟ ಏನೇ ಬದಲಾದರೂ ಹಡಗಿಗೆ ಕೊಟ್ಟ ಐಎಂಒ (ಅಂತರರಾಷ್ಟ್ರೀಯ ಕಡಲ ಸಂಸ್ಥೆ) ಸಂಖ್ಯೆ ಬದಲಾಗುವುದಿಲ್ಲ. ಈ ಹಡಗಿನದು 5383304. ಏಳು ಅಂಕಿಗಳಲ್ಲಿ ಕೊನೆಯದು ಸುಮ್ನೆ ಇರುವುದಲ್ಲ, ಮೊದಲ ಆರು ಅಂಕಿ ಸರಿಯಿದೆಯಾ ಅಂತ ನೋಡುವುದಕ್ಕೆ ಇರುವುದು.

ಮೊದಲ ಆರು ಅಂಕಿಗಳನ್ನು ಎಡದಿಂದ ಬಲಕ್ಕೆ 7, 6, 5, 4, 3, 2ರಿಂದ ಗುಣಿಸಿ. 5×7=35, 3×6=18, 8×5=40, 3×4=12, 3×3=9, 0×2=0. ಕೂಡಿದರೆ 114. ಮೊತ್ತದ ಕೊನೆಯ ಅಂಕಿ 4, ಹಡಗಿನ ಸಂಖ್ಯೆಯ ಕೊನೆಯ ಅಂಕಿಯೂ 4. ಸರಿಹೋಯಿತು.

ಯಾರೋ 83 ಅನ್ನು 38 ಅಂತ ಟೈಪ್ ಮಾಡಿ 5338304 ಅಂತ ಬರೆದರು ಅನ್ನಿ. ಮೊತ್ತ 109 ಬರುತ್ತದೆ, ಕೊನೆಯಲ್ಲಿ 9. ಸಿಕ್ಕಿಬಿದ್ದರು. ಗುಣಿಸುವ ಅಂಕಿಗಳು ಒಂದೊಂದೇ ಇಳಿಯುವುದರ ಗುಟ್ಟು ಇದೇ: ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಮೊತ್ತ ಬದಲಾಗುವುದು ಆ ಎರಡರ ವ್ಯತ್ಯಾಸದಷ್ಟೇ. ವ್ಯತ್ಯಾಸ 1ರಿಂದ 9ರೊಳಗೆ ಇರುತ್ತದೆ, 10 ಆಗುವುದೇ ಇಲ್ಲ. ಹಾಗಾಗಿ ಈ ತಪ್ಪು ಯಾವತ್ತೂ ತಪ್ಪಿಸಿಕೊಳ್ಳಲ್ಲ.

ಆದರೆ ಪೂರ್ತಿ ನಂಬಬೇಡಿ. ಮಸುಕಾದ ಫೋಟೋದಲ್ಲಿ 8 ಅನ್ನು 6 ಅಂತ ಓದಿದರೆ 5363304 ಆಗುತ್ತದೆ. 40ರ ಜಾಗದಲ್ಲಿ 30, ಮೊತ್ತ 104. ಕೊನೆಯಲ್ಲಿ ಮತ್ತೆ 4! ತಪ್ಪು ಸಂಖ್ಯೆ ಪಾಸಾಯಿತು. ಐದರಿಂದ ಗುಣಿಸುವ ಜಾಗದಲ್ಲಿ ಎರಡರ, ನಾಲ್ಕರ ವ್ಯತ್ಯಾಸ ಬಂದರೆ ಹೀಗೆ ಜಾರಿಹೋಗುತ್ತದೆ.

ಇನ್ನೊಂದು ಮಜಾ. 60ರ ದಶಕದ ಶುರುವಿನಲ್ಲಿ ಹಡಗುಗಳ ಪಟ್ಟಿ ಇಡುವ ಲಾಯ್ಡ್ಸ್ ರಿಜಿಸ್ಟರ್ ಸಂಸ್ಥೆ ಈ ಸಂಖ್ಯೆಗಳನ್ನು ಹಂಚುವಾಗ, ಆಗಲೇ ಇದ್ದ ಹಡಗುಗಳಿಗೆ 5ರಿಂದ ಶುರುವಾಗುವ ಸಂಖ್ಯೆಗಳನ್ನು ಹೆಸರಿನ ಅಕ್ಷರಕ್ರಮದಲ್ಲಿ ಕೊಟ್ಟಿತು. ಫ್ರಾನ್ಸ್ ಎಂಬ ದೊಡ್ಡ ಹಡಗಿನ ಸಂಖ್ಯೆ 5119143, ಎಫ್ ಅಕ್ಷರ ಮೊದಲೇ ಬರುತ್ತದೆ. ನಮ್ಮದು 538ರಿಂದ ಶುರು, ಪಟ್ಟಿಯ ಬಾಲದಲ್ಲಿದೆ. ಯಾಕಂದರೆ ಆಗ ಅದರ ಜರ್ಮನ್ ಹೆಸರು ವಿ ಅಕ್ಷರದಿಂದ ಶುರುವಾಗುತ್ತಿತ್ತು. ಫ್ರಾನ್ಸ್‌ನ ಸಂಖ್ಯೆಯನ್ನೂ ಲೆಕ್ಕ ಹಾಕಿ ನೋಡಿ, ಮೊತ್ತ 93 ಬರಬೇಕು.

ಟನ್ ಅಂದರೆ ತೂಕ ಅಲ್ಲ

ಇಲ್ಲಿ ಎಲ್ಲರೂ ಎಡವುತ್ತಾರೆ. ಸ್ಟಾಕ್‌ಹೋಮ್ ಆಗಿದ್ದಾಗ ಈ ಹಡಗು 12,165 ಟನ್, ಜಿನೋವಾದಲ್ಲಿ ಕಟ್ಟಿದ ಮೇಲೆ 16,144. ಹಾಗಾದರೆ ಸುಮಾರು ನಾಲ್ಕು ಸಾವಿರ ಟನ್ ಕಬ್ಬಿಣ ಸೇರಿಸಿದರಾ? ಇಲ್ಲ. ಎರಡೂ ಹಡಗಿನೊಳಗಿನ ಜಾಗದ ಅಳತೆ, ಅದೂ ಬೇರೆ ಬೇರೆ ಕ್ರಮದ್ದು.

ಹಳೇ ಕ್ರಮದಲ್ಲಿ 100 ಘನ ಅಡಿಗೆ, ಅಂದರೆ 2.83 ಘನ ಮೀಟರಿಗೆ, ಒಂದು ಟನ್. ಕೆಲವು ಜಾಗಗಳನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಹಡಗಿನ ಅಳತೆಗಾಗಿ ಆದ 1969ರ ಅಂತರರಾಷ್ಟ್ರೀಯ ಒಪ್ಪಂದದ ಕ್ರಮದಲ್ಲಿ ಮುಚ್ಚಿದ ಜಾಗವನ್ನೆಲ್ಲ ಹಿಡಿದು, ಅದನ್ನು ಒಂದು ಗುಣಕದಿಂದ ಗುಣಿಸುತ್ತಾರೆ. ಆ ಗುಣಕ: 0.2 ಕೂಡಿಸು 0.02 ಗುಣಿಸು ಘನ ಮೀಟರಿನ ಲಾಗ್ (ಹತ್ತರ ಆಧಾರದ ಲಾಗರಿದಮ್). 55,000 ಘನ ಮೀಟರ್ ಇದ್ದರೆ ಲಾಗ್ 4.74, ಗುಣಕ ಸುಮಾರು 0.295, ಉತ್ತರ ಸುಮಾರು 16,200. ನಮ್ಮ ಹಡಗು ಹತ್ತತ್ತಿರ ಅಷ್ಟೇ. ಈ ಕ್ರಮ 1982ರಲ್ಲಿ ಜಾರಿಗೆ ಬಂದು, 1994ರಲ್ಲಿ ಹಳೇ ಹಡಗುಗಳಿಗೂ ಅನ್ವಯವಾಯಿತು. ಹಾಗಾಗಿ 16,144ರಲ್ಲಿ 12,165 ಕಳೆದು ‘ಇಷ್ಟು ಬೆಳೆಯಿತು’ ಅನ್ನಬೇಡಿ. ಬೆಳೆದದ್ದೆಷ್ಟು, ಅಳತೆ ಬದಲಾದದ್ದೆಷ್ಟು ಅಂತ ಆ ಕಳೆಯುವ ಲೆಕ್ಕ ಹೇಳುವುದಿಲ್ಲ.

ಇಷ್ಟು ಕಾಲ ಹೇಗೆ ಬಾಳಿತು?

2010ರ ಅಕ್ಟೋಬರ್‌ನಿಂದ, ಒಳಗೆ ಬೆಂಕಿ ಹಿಡಿಯುವ ಸಾಮಾನಿನಿಂದ ಕಟ್ಟಿದ ಪ್ರಯಾಣಿಕ ಹಡಗುಗಳು ಅಂತರರಾಷ್ಟ್ರೀಯ ಓಡಾಟ ಮಾಡುವಂತಿರಲಿಲ್ಲ. ಮರದ ಹಲಗೆ ಹೊದಿಸಿದ ಹಳೇ ಕೋಣೆಗಳೇ ಚೆಂದ ಅಂತ ನಾವೆಲ್ಲ ಹೊಗಳುತ್ತೇವೆ, ಆದರೆ ಎಷ್ಟೋ ಹಡಗುಗಳು ಗುಜರಿಗೆ ಹೋದದ್ದು ಅದೇ ಕಾರಣಕ್ಕೆ. ಇದರ ಒಳಭಾಗ ಜಿನೋವಾದಲ್ಲೇ ಹೊಸದಾಗಿದ್ದರಿಂದ ಇನ್ನೂ ಹತ್ತು ವರ್ಷ ದುಡಿಯಿತು. 2020ರಲ್ಲಿ ಕೋವಿಡ್ ಬಂದು ಓಡಾಟ ನಿಂತಿತು, ಮತ್ತೆ ಶುರುವಾಗಲೇ ಇಲ್ಲ. 2025ರಲ್ಲಿ ರಾಟರ್‌ಡ್ಯಾಮ್‌ನಿಂದ ಬೆಲ್ಜಿಯಂನ ಗೆಂಟ್‌ಗೆ ಒಡೆಯಲು ಎಳೆದುಕೊಂಡು ಹೋದರು. ಈ ಸಂಖ್ಯೆಯನ್ನು ಬೇರೆ ಹಡಗಿಗೆ ಕೊಡುವುದಿಲ್ಲ, ಹಾಗಾಗಿ ಹಳೇ ದಾಖಲೆ ಹುಡುಕುವವರು ಈಗಲೂ 5383304 ಅಂತಲೇ ಹುಡುಕಬಹುದು.